ಎಡಚನ ಗ್ಲೌಸು

ಭದ್ರಾವತಿಯ ರೈಲ್ವೆ ಗೇಟಿನ ಪಕ್ಕ
ಭಾನುವಾರ ಬಿಚ್ಚುವ ಹಳೆ ಬೂಟಿನ ಮೂಟೆಯಲ್ಲಿ
ಜೋಡಿಯಿಲ್ಲದೆ ಬಂದಿತ್ತು ಅದು,
ಉಬ್ಬಿದ ಕಂದು ಚರ್ಮದ ಒಂಟಿ ಅಂಗೈ.
ಮೂಟೆಯ ಖಾದರ್ ಸಾಬರು ಎಡಗೈಗೆ ತೂರಿಸಿ ನೋಡಿದರು,
ಹೆಬ್ಬೆರಳ ಮನೆಗೆ ಕಿರುಬೆರಳು ಹೊಕ್ಕಿತು.
"ಎಡವಟ್ಟು ಮಾಲು" ಅಂದು
ಒಂಟಿ ಬೂಟುಗಳ ಗುಡ್ಡೆಗೆ ಎಸೆದರು.

ನಾನು ಎಡಚಿ.
ಅಂಗಡಿಯಲ್ಲಿ ಕಾಸು ಚಾಚಿದರೆ
"ಆ ಕೈಯಲ್ಲಿ ಬೇಡ ಕಣಮ್ಮ" ಅನ್ನಿಸಿಕೊಂಡವಳು,
ಸ್ಲೇಟಿನ ಮೇಲೆ ಬರೆದದ್ದನ್ನು ಬರೆಯುತ್ತಲೇ
ಮುಂಗೈಯಲ್ಲಿ ಒರೆಸಿಕೊಂಡವಳು.
ರೋಸಲಿನ್ ಮಿಸ್ಸಿನ ಬೇಸ್‌ಬಾಲ್ ತಂಡದಲ್ಲಿ
ಇದ್ದ ಒಂಬತ್ತು ಗ್ಲೌಸೂ ಎಡಗೈಗೆ ಹಾಕುವಂಥವು.
ಹಿಡಿದು, ಕಂಕುಳಿಗೆ ಸಿಕ್ಕಿಸಿ, ಕೈ ಕಳಚಿ,
ಚೆಂಡು ಹುಡುಕಿ ಎಸೆಯುವಷ್ಟರಲ್ಲಿ
ಓಡುವವಳು ಮನೆ ಸೇರಿ ನೀರು ಕುಡಿದಿರುತ್ತಿದ್ದಳು.

ನಲವತ್ತು ರೂಪಾಯಿ ಕೊಟ್ಟೆ.
ಬಲಗೈ ಒಳಗೆ ಹೋಯಿತು.
ಒಳಗೆ ಆಗಲೇ ಯಾರೋ ಇದ್ದರು.

ಗೇಟಿನಾಚೆ ಚಪ್ಪಲಿ ಹೊಲಿಯುವ ದುರುಗಣ್ಣ
ಸವೆದ ಅಟ್ಟೆ ನೋಡಿ ನಡಿಗೆ ಹೇಳುವವನು.
ಕಿತ್ತುಹೋದ ದಾರ ಮೊದಲು ನೋಡಲೇ ಇಲ್ಲ,
ಗ್ಲೌಸಿನೊಳಗೆ ಬೆರಳು ಇಳಿಬಿಟ್ಟು ಕಣ್ಣು ಮುಚ್ಚಿದ.
"ದೊಡ್ಡಾಳು. ತೋರುಬೆರಳು ಒಳಗಿಡ್ತಿರಲಿಲ್ಲ, ಹೊರಗೇ.
ಕಿರುಬೆರಳು ಯಾವಾಗ್ಲೋ ಮುರಿದದೆ,
ಇಲ್ನೋಡು, ಇಲ್ಲಿ ಮಾತ್ರ ಒತ್ತಿಲ್ಲ.
ಬೆವರು ಜಾಸ್ತಿ. ಹೆದರ್ತಿದ್ದ ಮನುಷ್ಯ,
ಅಂಚು ಕಚ್ಚಿದಾನೆ ನೋಡು, ಹಲ್ಲಿನ ಗುರುತು."
ಆಮೇಲೆ ಕಣ್ಣು ತೆರೆದು,
"ಕೂಲಿಗೆ ಆಡ್ತಿದ್ದ ಕಣವ್ವ.
ಶೋಕಿಗೆ ಆಡೋರ ಚರ್ಮ ಹಿಂಗೆ ಸವೆಯಲ್ಲ."

ಮಣಿಕಟ್ಟಿನ ಪಟ್ಟಿಯ ಮೇಲೆ
ಬಂಗಾರದ ದಾರದಲ್ಲಿ ಅವನ ಹೆಸರಿತ್ತು.
ಯಾವ ದೇಶದ ಲಿಪಿಯೋ, ನಮ್ಮ ಕಣ್ಣಿಗೆ
ಮೂರು ಗುಡಿಸಲು, ಒಂದಕ್ಕೆ ಬಾಗಿಲಿಲ್ಲ.
ನಾಡಿ ಬಡಿಯುವ ಕಡೆಯೇ ಉಜ್ಜುತ್ತಿತ್ತು.
ಕಿತ್ತುಬಿಡಣ್ಣ ಅಂದೆ. ಕಿತ್ತ.
ಎಮ್ಮೆಯ ಚರ್ಮದ ತುಂಡು ಕೂರಿಸಿ ಹೊಲಿದ,
ಮೇಣ ತಿಕ್ಕಿದ ದಾರ ಪೋಣಿಸಿದ,
ಹರಳೆಣ್ಣೆ ಸವರಿ ಮೂರು ಬಿಸಿಲು ಕೊಟ್ಟ.

ಕಾರ್ಖಾನೆ ಮೈದಾನದಲ್ಲಿ ಮೊದಲ ದಿನ
ಬಲಗೈಯಲ್ಲಿ ಹಿಡಿದೆ, ಎಡಗೈಯಲ್ಲಿ ಎಸೆದೆ.
ನಡುವೆ ಏನೂ ಇರಲಿಲ್ಲ.
ಮಿಸ್ಸು ಸೀಟಿ ಊದುವುದನ್ನೇ ಮರೆತರು.

ಎರಡು ವರ್ಷದ ಮೇಲೆ, ಶಿವಮೊಗ್ಗದ ಪಂದ್ಯದಲ್ಲಿ,
ಕನ್ನಡಕದವರೊಬ್ಬರು ಬೆಂಚಿನ ಬಳಿ ಬಂದು
ಗ್ಲೌಸನ್ನು ಎಳೆಗೂಸಿನ ಹಾಗೆ ಎತ್ತಿಕೊಂಡರು,
ಹೊರಳಿಸಿ, ಮೂಸಿ, "ಹೆಸರಿನ ಪಟ್ಟಿ ಎಲ್ಲಿ?" ಅಂದರು.
ಸಂಬಳ ತೆಗೆದುಕೊಂಡು ಆಡಿದವನದಂತೆ,
ಹೆಸರಿದ್ದಿದ್ದರೆ ಒಂದೂವರೆ ಲಕ್ಷವಂತೆ.
"ಹೊಲಿಗೆ ಬೇರೆ, ದಾರ ಬೇರೆ, ಇದ್ಯಾವ ಎಣ್ಣೆ!
ಹಾಳು ಮಾಡಿಬಿಟ್ಟಿರಲ್ಲ."

ಸುಳ್ಳೇಕೆ, ಅಂದು ರಾತ್ರಿ ನಿದ್ದೆ ಬರಲಿಲ್ಲ.
ಒಂದೂವರೆ ಲಕ್ಷದಲ್ಲಿ ಅಮ್ಮನ ಬೀಡಿಗಳನ್ನು
ಎಣಿಸಲು ಹೋಗಿ ಸಾವಿರಕ್ಕೆ ಲೆಕ್ಕ ತಪ್ಪಿತು.
ಬೆಳಿಗ್ಗೆ ಗೇಟು ಬೀಳುವ ಮೊದಲೇ ಓಡಿದೆ.
ದುರುಗಣ್ಣ ಮೊಳೆಯ ಡಬ್ಬಿ ಸುರಿದ, ಗೋಣಿ ಕೊಡವಿದ,
ಕೊನೆಗೆ ತಲೆ ಕೆರೆದುಕೊಂಡ:
"ಗಟ್ಟಿ ಚರ್ಮ ಇತ್ತಲ್ಲ,
ಯಾವುದೋ ಮಗೀನ ಚಪ್ಪಲಿಗೆ ಉಂಗುಟ ಮಾಡ್ಬಿಟ್ಟೆ."

ಬಹಳ ದಿನ ಊರ ಮಕ್ಕಳ ಕಾಲು ನೋಡುತ್ತ ತಿರುಗಿದೆ,
ಸ್ಕೂಲು ಬಿಡುವ ಹೊತ್ತು, ಜಾಥಾ ಹೋಗುವ ಹೊತ್ತು,
ಹೆಬ್ಬೆರಳ ಮೇಲೆ ಒಂದು ಬಂಗಾರದ ಗುಡಿಸಲು
ಹೋಗುತ್ತಿದೆಯೇನೋ ಅಂತ.

ಈಗ ಬಿಟ್ಟಿದ್ದೇನೆ. ಆ ಮಗುವಿನ ಕಾಲೂ ಬೆಳೆದಿರಬೇಕು.
ಆಟ ಕೈತಪ್ಪುವ ಹೊತ್ತಿನಲ್ಲಿ, ಯಾರೂ ನೋಡದಾಗ,
ಗ್ಲೌಸಿನಿಂದ ಮುಖ ಮರೆಮಾಡಿಕೊಂಡು
ನಾನೂ ಅಂಚು ಕಚ್ಚುತ್ತೇನೆ,
ಅವನ ಹಲ್ಲಿನ ಗುರುತಿನ ಪಕ್ಕದಲ್ಲೇ.
ಮೊದಲು ಹರಳೆಣ್ಣೆ.
ಅದರ ಕೆಳಗೆ, ಇನ್ನೂ, ಉಪ್ಪು.